ಮರೀನಾ ಬೇ ಸ್ಯಾಂಡ್ಸ್‌ನಲ್ಲಿ ಒಂದು ರಾತ್ರಿ: ಮಗು, ಹಿರಿಯರ ಜೊತೆ ಹೋದರೆ ಏನೇನು ನೋಡಿಕೊಳ್ಳಬೇಕು?

ಶಿರಾಗೇಟ್_ಮನೆ

ಎಲ್ಲರಿಗೂ ನಮಸ್ಕಾರ. ದಸರಾ ರಜೆಗೆ ತುಮಕೂರಿನಿಂದ ಐದು ಜನ ಸಿಂಗಪುರಕ್ಕೆ ಹೊರಡುವ ಯೋಚನೆಯಲ್ಲಿದ್ದೇವೆ. ನಾವಿಬ್ಬರು, 11 ವರ್ಷದ ಮಗಳು, ಎಪ್ಪತ್ತರ ಆಸುಪಾಸಿನ ಅಪ್ಪ-ಅಮ್ಮ. ಒಟ್ಟು ಐದು ರಾತ್ರಿ. ನಾಲ್ಕು ರಾತ್ರಿ ಲಿಟಲ್ ಇಂಡಿಯಾ ಕಡೆ ಸಾಧಾರಣ ಹೋಟೆಲ್, ಒಂದು ರಾತ್ರಿ ಮಾತ್ರ ಮರೀನಾ ಬೇ ಸ್ಯಾಂಡ್ಸ್. ಮಗಳಿಗೆ ಮೇಲಿರುವ ಈಜುಕೊಳ ಬೇಕು. ಅಪ್ಪನಿಗೆ ಅದು ಕ್ಯಾಸಿನೊ ಇರುವ ಜಾಗ ಅಂತ ಇರುಸುಮುರುಸು, ಮೊಮ್ಮಗಳನ್ನು ಜೂಜಿನ ಮೇಜುಗಳ ನಡುವೆ ಕರೆದುಕೊಂಡು ಹೋಗಬೇಕಾಗುತ್ತದಾ ಅಂತ ಕೇಳುತ್ತಿದ್ದಾರೆ.

ತಿಳಿಯಬೇಕಾದ್ದು: ಕೋಣೆಗೆ ಹೋಗಲು ಕ್ಯಾಸಿನೊ ದಾಟಬೇಕಾ? ವೆಬ್‌ಸೈಟ್‌ನಲ್ಲಿ ಕಾಣುವ ದರದ ಮೇಲೆ ಇನ್ನೆಷ್ಟು ಸೇರುತ್ತದೆ? ಐದು ಜನಕ್ಕೆ ಒಂದು ಕೋಣೆ ಸಾಕಾ? ಈರುಳ್ಳಿ-ಬೆಳ್ಳುಳ್ಳಿ ಪರವಾಗಿಲ್ಲ, ಆದರೆ ಮಾಂಸ-ಮೊಟ್ಟೆ ಆಗದವರಿಗೆ ಊಟ ಎಲ್ಲಿ? ವಿಮಾನ ಬೆಳಗಿನ ಜಾವ ಇಳಿಯುತ್ತದೆ, ಆ ದಿನವೇ ಈ ಹೋಟೆಲ್ ಇಟ್ಟುಕೊಳ್ಳುವುದು ಸರಿಯಾ?

ಅಮಾನಿಕೆರೆ_ದಂಡೆ

ತಂದೆಯವರಿಗೆ ಧೈರ್ಯವಾಗಿ ಹೇಳಿ, ಕ್ಯಾಸಿನೊ ದಾಟಬೇಕಿಲ್ಲ. ಅಲ್ಲಿ ಹೋಟೆಲ್ ಒಂದು ಕಟ್ಟಡ, ಕ್ಯಾಸಿನೊ ಇನ್ನೊಂದು. 55 ಮಹಡಿಯ ಮೂರು ಗೋಪುರಗಳಲ್ಲಿ ಕೋಣೆಗಳಿವೆ. ಮೂರರ ನೆತ್ತಿಗೂ ಅಡ್ಡಲಾಗಿ 340 ಮೀಟರ್ ಉದ್ದದ ಸ್ಕೈಪಾರ್ಕ್, ಕೊಳ ಇರುವುದು ಅಲ್ಲಿ, 57ನೇ ಮಹಡಿಯ ಮಟ್ಟದಲ್ಲಿ. ಕ್ಯಾಸಿನೊ ರಸ್ತೆಯಾಚೆ, ನೀರಿನ ಕಡೆಯ ಮಾಲ್‌ಗೆ ಸೇರಿಕೊಂಡಿದೆ. ಅದರ ಬಾಗಿಲಲ್ಲಿ ಗುರುತಿನ ತಪಾಸಣೆ ಇದೆ, 21 ತುಂಬದವರನ್ನು ಒಳಗೆ ಬಿಡುವುದೇ ಇಲ್ಲ. ಲಾಬಿ, ಲಿಫ್ಟ್, ಕೊಳ, ಮೆಟ್ರೊ, ತೋಟ ಯಾವುದಕ್ಕೂ ಆ ಬಾಗಿಲ ಹತ್ತಿರ ಹೋಗುವ ಅಗತ್ಯ ಬೀಳುವುದಿಲ್ಲ.

ಈಗ ದುಡ್ಡಿನ ಲೆಕ್ಕ. ಸಿಂಗಪುರದಲ್ಲಿ ದರದ ಮುಂದೆ ಎರಡು ಪ್ಲಸ್ ಗುರುತು ಇದ್ದರೆ ಶೇ 10 ಸೇವಾ ಶುಲ್ಕ ಸೇರಿಸಿ, ಬಂದ ಮೊತ್ತದ ಮೇಲೆ ಶೇ 9 ಜಿಎಸ್‌ಟಿ ಸೇರಿಸಬೇಕು. 2024ರ ಜನವರಿಯಿಂದ ಅಲ್ಲಿ ಜಿಎಸ್‌ಟಿ ಶೇ 9. ಅಂದರೆ 700 ಡಾಲರ್ ಅಂತ ಕಂಡ ಕೋಣೆ ನಿಜಕ್ಕೂ 839 ಡಾಲರ್. ಸಿಂಗಪುರ ಡಾಲರ್‌ಗೆ 70 ರೂಪಾಯಿ ಹಿಡಿದರೆ 58,700 ರೂಪಾಯಿ. ಇಲ್ಲಿನ ಸಾಮಾನ್ಯ ಕ್ರೆಡಿಟ್ ಕಾರ್ಡ್‌ನಲ್ಲಿ ವಿದೇಶಿ ವಹಿವಾಟಿಗೆ ಶೇ 3.5 ಹಾಕುತ್ತಾರೆ, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ, ಒಟ್ಟು ಶೇ 4.13. ಕೊನೆಗೆ 61,000 ದಾಟುತ್ತದೆ. ಕಂಡ ದರವನ್ನು ರೂಪಾಯಿಗೆ ತಿರುಗಿಸಿ 49,000 ಅಂದುಕೊಂಡವರಿಗೆ 12,000ದ ಹೊಡೆತ ಬೀಳುವುದು ಇಲ್ಲೇ. ಕಾರ್ಡ್ ಉಜ್ಜುವಾಗ ಯಂತ್ರ ರೂಪಾಯಿಯಲ್ಲಿ ಕೊಡುತ್ತೀರಾ, ಡಾಲರ್‌ನಲ್ಲಿ ಕೊಡುತ್ತೀರಾ ಅಂತ ಕೇಳಿದರೆ ಡಾಲರ್ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರ ಅವರದಾಗುತ್ತದೆ, ಕೆಟ್ಟದಾಗಿಯೇ ಇರುತ್ತದೆ.

ಐದು ಜನಕ್ಕೆ ಒಂದು ಕೋಣೆ ಆಗುವುದಿಲ್ಲ. ದರ ಬರೆದಿರುವುದು ಇಬ್ಬರು ವಯಸ್ಕರಿಗೆ. ಮೂರನೆಯ ವಯಸ್ಕರಿಗೆ ಪ್ರತ್ಯೇಕ ಹಣ. ಮಗಳ ವಯಸ್ಸನ್ನು ಬುಕ್ ಮಾಡುವಾಗಲೇ ನಮೂದಿಸಿ, ಏಕೆಂದರೆ ಕೊಳದ ಗೇಟು ದಾಟಲು ದಾಖಲಾದ ತಲೆಗೊಂದರಂತೆ ಕಾರ್ಡ್ ಕೊಡುತ್ತಾರೆ. ಹೆಸರು ಬಿಟ್ಟು ಹೋಗಿದ್ದರೆ ಗೇಟಿನ ಮುಂದೆ ನಿಂತು ಸರಿಪಡಿಸಲು ಆಗುವುದಿಲ್ಲ, ಮತ್ತೆ ಕೆಳಗಿಳಿದು ಲಾಬಿಯ ಸಾಲಿಗೆ ಸೇರಬೇಕು. ಎರಡು ಕೋಣೆ ತೆಗೆದುಕೊಂಡರೆ ನಡುವೆ ಬಾಗಿಲಿರುವ ಜೋಡಿ ಕೋಣೆ ಬೇಕು ಅಂತ ಇಮೇಲ್ ಮಾಡಿ, ಕೊಡುತ್ತೇವೆ ಅಂತ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಬುಕಿಂಗ್ ಫಾರ್ಮಿನ ಕೋರಿಕೆ ಕಾಲಂನಲ್ಲಿ ಬರೆದದ್ದು ಬರೀ ಕೋರಿಕೆ.

ಯಾವ ದಿನ ಅನ್ನುವುದೇ ಎಲ್ಲಕ್ಕಿಂತ ಮುಖ್ಯ. ಇಳಿದ ದಿನ ಖಂಡಿತ ಬೇಡ. ಬೆಂಗಳೂರಿನ ರಾತ್ರಿ ವಿಮಾನ ಬೆಳಿಗ್ಗೆ ಆರರ ಹೊತ್ತಿಗೆ ಇಳಿಸುತ್ತದೆ, ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಂದರೆ ನಿಮ್ಮ ದೇಹಕ್ಕೆ ಆಗ ರಾತ್ರಿ ಮೂರೂವರೆ. ಕೋಣೆ ಸಿಗುವುದು ಮಧ್ಯಾಹ್ನ 3ಕ್ಕೆ, ಬಿಡಬೇಕಾದ್ದು ಮರುದಿನ 11ಕ್ಕೆ. ಕೈಗೆ ಸಿಗುವ 20 ಗಂಟೆಯಲ್ಲಿ ಅರ್ಧ ನಿದ್ದೆಗೇ ಹೋದರೆ ಕೊಟ್ಟ ಹಣ ದಂಡ. ಮೂರನೇ ಅಥವಾ ನಾಲ್ಕನೇ ರಾತ್ರಿ ಇಡಿ, ಅದೂ ಭಾನುವಾರದಿಂದ ಗುರುವಾರದೊಳಗೆ. ಶುಕ್ರವಾರ, ಶನಿವಾರ ದರ ಏರುತ್ತದೆ.

ದಸರಾ ರಜೆ ಅಂದಿರಿ. ಆ ಭಾಗದಲ್ಲೇ ರಸ್ತೆ ಮುಚ್ಚಿ ನಡೆಸುವ ಫಾರ್ಮುಲಾ ಒನ್ ರಾತ್ರಿ ರೇಸ್ ಸೆಪ್ಟೆಂಬರ್-ಅಕ್ಟೋಬರ್ ಆಸುಪಾಸಿನಲ್ಲೇ ಬರುತ್ತದೆ. ಆ ವಾರ ದರ ಎಲ್ಲಿಗೋ ಹೋಗಿರುತ್ತದೆ, ಟ್ಯಾಕ್ಸಿಗಳು ಸುತ್ತಿ ಬಳಸಿ ಬರುತ್ತವೆ. ಟಿಕೆಟ್ ಮಾಡುವ ಮೊದಲು ಆ ವರ್ಷದ ರೇಸ್ ದಿನಾಂಕ ನೋಡಿಕೊಳ್ಳಿ.

ಕ್ಯಾತ್ಸಂದ್ರ_ತಟ್ಟೆ

ಊಟ ಮತ್ತು ಲಗೇಜಿನ ವಿಷಯ ನಾನು ಹೇಳುತ್ತೇನೆ.

ಲಿಟಲ್ ಇಂಡಿಯಾ ಆರಿಸಿದ್ದು ಒಳ್ಳೆಯದಾಯಿತು. ಮರೀನಾ ಬೇ ಸ್ಯಾಂಡ್ಸ್ ಕೆಳಗೇ ಬೇಫ್ರಂಟ್ ಮೆಟ್ರೊ ನಿಲ್ದಾಣ. ಅಲ್ಲಿಂದ ಡೌನ್‌ಟೌನ್ ಲೈನ್‌ನಲ್ಲಿ ಪ್ರೊಮೆನಾಡ್, ಬುಗಿಸ್, ರೋಚೋರ್ ಆದ ಮೇಲೆ ಲಿಟಲ್ ಇಂಡಿಯಾ, ರೈಲು ಬದಲಿಸುವ ಗೋಜಿಲ್ಲ. ಸೆರಂಗೂನ್ ರಸ್ತೆಯಲ್ಲಿ ಕೋಮಲ ವಿಲಾಸ್ 1947ರಿಂದ ನಡೆಯುತ್ತಿದೆ, ಪೂರ್ತಿ ಸಸ್ಯಾಹಾರಿ. ಇಡ್ಲಿ, ದೋಸೆ, ಎಲೆ ಊಟಕ್ಕೆ ಹಿರಿಯರು ತಕರಾರು ಮಾಡುವುದಿಲ್ಲ. ಹೋಟೆಲಿನಲ್ಲಿ ಬೆಳಗಿನ ಬಫೆ ಸೇರಿಸಿ ಬುಕ್ ಮಾಡುವುದು ನಿಮ್ಮ ಮನೆಯವರಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಮೊಟ್ಟೆ ಕೂಡ ಆಗದವರು ಹಣ್ಣು, ಬ್ರೆಡ್ ತಿಂದು ಏಳುತ್ತಾರೆ, ಬಿಲ್ ಮಾತ್ರ ತಲೆ ಲೆಕ್ಕದಲ್ಲಿ ಪೂರ್ತಿ. ಮಧ್ಯಾಹ್ನಕ್ಕೆ ಮಾಲ್‌ನ ತಳಮಹಡಿಯ ಫುಡ್ ಕೋರ್ಟ್ ಇದೆ. ಅಲ್ಲಿ ವೆಜಿಟೇರಿಯನ್ ಅಂತಷ್ಟೇ ಹೇಳಿದರೆ ಸಾಲದು, ಮೀನಿನ ಸಾಸ್, ಸೀಗಡಿ ಪೇಸ್ಟ್, ಮೊಟ್ಟೆ ಮೂರನ್ನೂ ಹೆಸರು ಹಿಡಿದು ಬೇಡ ಅನ್ನಿ. ತರಕಾರಿ ಪಲ್ಯದಂತೆ ಕಾಣುವುದರಲ್ಲೂ ಸೀಗಡಿ ಪೇಸ್ಟ್ ಇರುತ್ತದೆ.

ಮನೆಯಿಂದ ಕಟ್ಟಿಕೊಂಡು ಹೋಗುವವರು ಇದನ್ನು ದಯವಿಟ್ಟು ಗಮನಿಸಿ: ಗಸಗಸೆ ಸಿಂಗಪುರದಲ್ಲಿ ನಿಷಿದ್ಧ ವಸ್ತು. ಅಫೀಮಿನ ಗಿಡದ ಬೀಜವಾದ್ದರಿಂದ ಮಾದಕವಸ್ತು ಕಾಯ್ದೆಯ ಕೆಳಗೆ ಬರುತ್ತದೆ. ನಮ್ಮ ಕಡೆ ಕಜ್ಜಾಯದ ಮೇಲೆ ಗಸಗಸೆ ಒತ್ತಿರುತ್ತಾರೆ, ಸಾಗು ಮಸಾಲೆಗೆ ಹುರಿದು ಹಾಕುತ್ತಾರೆ, ಕೆಲವರ ಮನೆಯ ಪುಡಿಗಳಲ್ಲೂ ಇರುತ್ತದೆ. ಹಬ್ಬದ ದಿನಗಳಲ್ಲಿ ಹೋಗುವವರ ಡಬ್ಬಿಯಲ್ಲಿ ಕಜ್ಜಾಯ ಇರುವುದು ಸಹಜ, ಅದಕ್ಕೇ ಹೇಳುತ್ತಿರುವುದು. ಎಳ್ಳು ಹಚ್ಚಿ ಮಾಡಿಸಿ. ಚಕ್ಕುಲಿ, ನಿಪ್ಪಟ್ಟು, ಶೇಂಗಾ ಚಟ್ನಿಪುಡಿ, ಒಣ ಅವಲಕ್ಕಿಗೆ ತೊಂದರೆ ಇಲ್ಲ. ತಂದೆಯವರು ಎಲೆ-ಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರಾದರೆ ಅದೂ ಆಗದು, ಬಾಯಲ್ಲಿ ಅಗಿಯುವ ತಂಬಾಕು ಎಲ್ಲವೂ ನಿಷಿದ್ಧ. ಚೂಯಿಂಗ್ ಗಮ್, ಇ-ಸಿಗರೇಟ್ ಕೂಡ ಹಾಗೆಯೇ.

ಕೋಣೆಯಲ್ಲಿ ಅಕ್ಕಿ ಬೇಯಿಸುವ ಕುಕ್ಕರ್ ಹಚ್ಚಬೇಡಿ. ಆವಿ, ಹೊಗೆಗೆ ಚಾವಣಿಯ ಡಿಟೆಕ್ಟರ್ ಕೂಗುತ್ತದೆ, ದಂಡ ಕೋಣೆಯ ಬಿಲ್ಲಿಗೆ ಸೇರುತ್ತದೆ. ಬಿಸಿನೀರಿನ ಕೆಟಲ್‌ನಲ್ಲಿ ಉಪ್ಪಿಟ್ಟಿನ ರೆಡಿ ಪ್ಯಾಕೆಟ್ ಮಾಡಿಕೊಳ್ಳಬಹುದು, ಆದರೆ ನೀರನ್ನು ಬಟ್ಟಲಿಗೆ ಸುರಿದು ಕಲಸಿ, ಪುಡಿಯನ್ನು ಕೆಟಲ್‌ಗೇ ಹಾಕಬೇಡಿ. ನಲ್ಲಿ ನೀರು ಕುಡಿಯಲು ಯೋಗ್ಯ, ಬಾಟಲಿ ಕೊಳ್ಳುವ ಅಗತ್ಯವಿಲ್ಲ. ಮಿನಿಬಾರ್ ಇರುವ ಕೋಣೆಯಾದರೆ ಅದರಲ್ಲಿ ನಿಮ್ಮ ಮೊಸರಿನ ಡಬ್ಬಿ ಇಡಲು ಅವರ ಬಾಟಲಿ ಸರಿಸಬೇಡಿ. ಇಂಥ ದೊಡ್ಡ ಹೋಟೆಲುಗಳ ಮಿನಿಬಾರ್‌ಗಳಲ್ಲಿ ಬಾಟಲಿಯ ಕೆಳಗೆ ಸೆನ್ಸರ್ ಇರುವುದುಂಟು, ಎತ್ತಿ ಪಕ್ಕಕ್ಕಿಟ್ಟರೂ ಕೊಂಡಂತೆ ಲೆಕ್ಕ. ಖಾಲಿ ಫ್ರಿಜ್ ಬೇಕು ಅಂತ ಕೇಳಿ. ಪ್ಲಗ್ ಅಲ್ಲಿ ಚಪ್ಪಟೆ ಮೂರು ಕಡ್ಡಿಯದು, ವಿದ್ಯುತ್ ನಮ್ಮಂತೆ 230 ವೋಲ್ಟ್. ಹತ್ತು ಡಾಲರ್ ಕೊಟ್ಟು ಅಲ್ಲಿ ಕೊಳ್ಳುವ ಅಡಾಪ್ಟರ್ ನಮ್ಮ ಅಂಗಡಿಗಳಲ್ಲಿ ನೂರು-ಇನ್ನೂರಕ್ಕೆ ಸಿಗುತ್ತದೆ.

ಶಿರಾಗೇಟ್_ಮನೆ

ಗಸಗಸೆ ವಿಷಯ ಗೊತ್ತೇ ಇರಲಿಲ್ಲ, ತುಂಬಾ ಉಪಕಾರ ಆಯಿತು. ಇನ್ನೆರಡು ಪ್ರಶ್ನೆ. ಚಿಕ್ಕಪ್ಪನ ಮಗ ಅಲ್ಲೇ ಪರ್ಮನೆಂಟ್ ರೆಸಿಡೆಂಟ್ ಆಗಿದ್ದಾನೆ, ಊಟ ಆದ ಮೇಲೆ ಅವನ ಜೊತೆ ಅರ್ಧ ಗಂಟೆ ಕ್ಯಾಸಿನೊ ಒಳಗೆ ಸುಮ್ಮನೆ ನೋಡಿ ಬರೋಣ ಅಂತ. ಆಗುತ್ತದಾ? ಕೊಳಕ್ಕೆ ಯಾವ ಹೊತ್ತು ಒಳ್ಳೆಯದು?

ಬಟವಾಡಿ_ಲೆಕ್ಕ

ನಿಮಗೆ ಆಗುತ್ತದೆ, ತಮ್ಮನಿಗೆ ದುಬಾರಿ. ವಿದೇಶಿಯರಿಗೆ ಪ್ರವೇಶ ಉಚಿತ. ಸಿಂಗಪುರದ ಪ್ರಜೆಗಳು ಮತ್ತು ಪರ್ಮನೆಂಟ್ ರೆಸಿಡೆಂಟ್‌ಗಳು 24 ಗಂಟೆಗೆ 150 ಡಾಲರ್ ಕಟ್ಟಬೇಕು, ವರ್ಷದ್ದಾದರೆ 3,000. ಅಲ್ಲಿನವರು ಜೂಜಿಗೆ ಬೀಳಬಾರದು ಅಂತಲೇ ಸರ್ಕಾರ ಹಾಕಿರುವ ಲೆವಿ. 2010ರಲ್ಲಿ ಕ್ಯಾಸಿನೊ ತೆರೆದಾಗ 100 ಇತ್ತು, 2019ರಲ್ಲಿ ಏರಿಸಿದರು. ಅರ್ಧ ಗಂಟೆ ಕಣ್ಣಾಡಿಸಲು 10,500 ರೂಪಾಯಿ ಕೊಡಬೇಡ ಅಂತ ಅವರಿಗೆ ಹೇಳಿ. ಕೆಲಸದ ಪಾಸ್ ಮೇಲೆ ಇರುವ ಭಾರತೀಯರಿಗೆ ಈ ಲೆವಿ ಇಲ್ಲ.

ನೀವು ಹೋಗುವುದಾದರೆ ಮೂಲ ಪಾಸ್‌ಪೋರ್ಟ್ ಕೈಯಲ್ಲಿರಲಿ. ಜೆರಾಕ್ಸ್, ಫೋನಿನ ಫೋಟೊ ತೋರಿಸಿ ಒಳಗೆ ಹೋಗಲಾಗುವುದಿಲ್ಲ. ಮೇಲಿನ ಕೊಳದಿಂದ ನೇರವಾಗಿ ಬಂದ ವೇಷ, ಹವಾಯಿ ಚಪ್ಪಲಿ ಬೇಡ. ಒಳಗೆ ಮೊಬೈಲ್‌ನಲ್ಲಿ ಫೋಟೊ ತೆಗೆಯುವಂತಿಲ್ಲ. ಒಳಗೆ ಎಟಿಎಂ ಇಡಲು ಅಲ್ಲಿನ ಕಾನೂನೇ ಬಿಡುವುದಿಲ್ಲ. ಇದು ಒಳ್ಳೆಯ ನಿಯಮ, ಇದನ್ನೇ ಬೇಲಿ ಮಾಡಿಕೊಳ್ಳಿ: ಜೇಬಲ್ಲಿ ಕಳೆದುಕೊಳ್ಳಲು ಸಿದ್ಧವಿರುವ ನಗದು ಮಾತ್ರ ಇರಲಿ, ಕಾರ್ಡುಗಳು ಕೋಣೆಯ ಲಾಕರ್‌ನಲ್ಲಿರಲಿ.

ಆಡದೆ ನೋಡಿ ಬಂದರೆ ಯಾರೂ ಏನೂ ಅನ್ನುವುದಿಲ್ಲ. ಆಡುವುದೇ ಆದರೆ ಲೆಕ್ಕ ತಿಳಿದು ಕುಳಿತುಕೊಳ್ಳಿ. ರೂಲೆಟ್ ಅಂದರೆ ಚಕ್ರ ತಿರುಗಿಸಿ ಗೋಲಿ ಯಾವ ಮನೆಗೆ ಬೀಳುತ್ತದೆ ಅಂತ ಪಣ ಕಟ್ಟುವ ಆಟ. ಒಂದೇ ಸೊನ್ನೆಯ ಚಕ್ರದಲ್ಲಿ 37 ಮನೆ, ಕೆಂಪು 18. ಕೆಂಪಿಗೆ ಕಟ್ಟಿ ಗೆದ್ದರೆ ಒಂದಕ್ಕೆ ಒಂದು. ಆ ಒಂದು ಸೊನ್ನೆಯಿಂದಲೇ ಪ್ರತಿ 100 ಡಾಲರ್ ಪಣಕ್ಕೆ ಸರಾಸರಿ 2.70 ಕ್ಯಾಸಿನೊದವರ ಪಾಲು. ಎರಡು ಸೊನ್ನೆಯ ಚಕ್ರವಾದರೆ ಅದು 5.26, ಹಾಗಾಗಿ ಕೂರುವ ಮೊದಲು ಚಕ್ರ ನೋಡಿ. 25 ಡಾಲರ್‌ನಂತೆ ಗಂಟೆಗೆ 40 ಸುತ್ತು ಆಡಿದರೆ ಪಣದ ಮೊತ್ತ 1,000, ಸರಾಸರಿ ನಷ್ಟ 27. ಆದರೆ ಸರಾಸರಿ ನೋಡಿ ಮೋಸ ಹೋಗಬಾರದು. ಅದೇ ಒಂದು ಗಂಟೆಯಲ್ಲಿ ಏರಿಳಿತ 150-160 ಡಾಲರ್ ಎರಡೂ ಕಡೆಗೆ ಸಹಜ. ಗೆದ್ದವರು ತಮಗೆ ಕೈಗುಣ ಇದೆ ಅಂದುಕೊಳ್ಳುವುದು, ಸೋತವರು ಬೆನ್ನಟ್ಟುವುದು ಎರಡೂ ಈ ಏರಿಳಿತದಿಂದಲೇ. ಬಕಾರಾ ಅನ್ನುವ ಇಸ್ಪೀಟಿನ ಆಟದಲ್ಲಿ ಕ್ಯಾಸಿನೊ ಪಾಲು ಬ್ಯಾಂಕರ್ ಕಡೆಗೆ ಕಟ್ಟಿದರೆ ಶೇ 1.06 ಮಾತ್ರ, ಪ್ಲೇಯರ್ ಕಡೆಗೆ 1.24. ಆದರೆ ಅದೇ ಮೇಜಿನಲ್ಲಿ ಎರಡೂ ಕಡೆ ಸಮ ಬರುತ್ತದೆ ಅಂತ ಕಟ್ಟುವ ಟೈ ಪಣದಲ್ಲಿ ಶೇ 14ಕ್ಕೂ ಹೆಚ್ಚು ಹೋಗುತ್ತದೆ. ಒಂದಕ್ಕೆ ಎಂಟು ಕೊಡುತ್ತಾರೆ ಅಂತ ಕಣ್ಣು ಹೋಗುವುದು ಅಲ್ಲಿಗೇ. ಸ್ಲಾಟ್ ಯಂತ್ರದಲ್ಲಿ ಪಣ ಚಿಕ್ಕದು, ವೇಗ ಹೆಚ್ಚು. ನಿಮಿಷಕ್ಕೆ ಹತ್ತು ಸಲ ಒತ್ತಿದರೆ ಒಂದು ಡಾಲರ್‌ನದ್ದೂ ಗಂಟೆಗೆ 600 ಡಾಲರ್ ಪಣವಾಗುತ್ತದೆ.

ಗೆದ್ದರೂ ಪೂರ್ತಿ ನಿಮ್ಮದಲ್ಲ. ಭಾರತದ ನಿವಾಸಿಗೆ ಜೂಜಿನ ಗೆಲುವಿನ ಮೇಲೆ ಇಲ್ಲಿ ಶೇ 30 ತೆರಿಗೆ, ಮೇಲೆ ಸೆಸ್, ಸೋತದ್ದನ್ನು ಕಳೆಯುವಂತಿಲ್ಲ. ಹೋಗುವಾಗ ವಿದೇಶಿ ನೋಟು ತಲೆಗೆ 3,000 ಅಮೆರಿಕನ್ ಡಾಲರ್ ಮೌಲ್ಯದಷ್ಟು ಮಾತ್ರ. ವಾಪಸ್ ಬರುವಾಗ ನೋಟು 5,000 ಅಮೆರಿಕನ್ ಡಾಲರ್ ಮೀರಿದರೆ ವಿಮಾನ ನಿಲ್ದಾಣದಲ್ಲಿ ಘೋಷಿಸಬೇಕು. ಸಿಂಗಪುರದ ಗಡಿಯಲ್ಲಿ ಆ ಮಿತಿ 20,000 ಸಿಂಗಪುರ ಡಾಲರ್.

ಗುಬ್ಬಿಗೇಟ್_ಪಯಣ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಐದೂ ಜನ ಅಲ್ಲಿ ಉಳಿಯಬೇಕಿಲ್ಲ. ಕೊಳಕ್ಕೆ ಹೋಟೆಲ್ ಅತಿಥಿಗಳಿಗೆ ಮಾತ್ರ ಪ್ರವೇಶ, ನಿಜ. ಆದರೆ ಹಿರಿಯರು ಕೊಳಕ್ಕೆ ಇಳಿಯುವುದಿಲ್ಲ ಅಂದರೆ ಅವರಿಗೆ ಬೇಕಾದ ನೋಟ ಮೂರನೇ ಗೋಪುರದ ತುದಿಯ ವೀಕ್ಷಣಾ ಅಟ್ಟದಲ್ಲಿ ಟಿಕೆಟ್ ತೆಗೆದುಕೊಂಡು ಸಿಗುತ್ತದೆ. ಲಿಟಲ್ ಇಂಡಿಯಾ ಹೋಟೆಲನ್ನು ಐದೂ ರಾತ್ರಿ ಇಟ್ಟುಕೊಂಡು, ನೀವು ಮೂವರು ಒಂದು ಕೋಣೆಯಲ್ಲಿ ಉಳಿದರೆ ಲಿಟಲ್ ಇಂಡಿಯಾದ ಹೆಚ್ಚಿನ ಒಂದು ರಾತ್ರಿಯ ಬಾಡಿಗೆ ಕಳೆದು ಇನ್ನೊಂದು ಕೋಣೆಯ 61,000ದಲ್ಲಿ ಮಿಕ್ಕದ್ದು ಉಳಿಯಿತು. ದೊಡ್ಡ ಪೆಟ್ಟಿಗೆಗಳನ್ನೂ ಅಲ್ಲೇ ಬಿಟ್ಟು ಒಂದು ಬೆನ್ನುಚೀಲದಲ್ಲಿ ಹೋಗಬಹುದು. ಅಪ್ಪ-ಅಮ್ಮ ಇಬ್ಬರೇ ಒಂದು ರಾತ್ರಿ ಇರಲು ಅಳುಕಿದರೆ ಮಾತ್ರ ಎರಡು ಕೋಣೆ ಯೋಚಿಸಿ.

ಕೊಳದ ಹೊತ್ತು ಕೇಳಿದಿರಿ. ಕೊಳದ ಅಂಚು ಪಶ್ಚಿಮಕ್ಕೆ, ನಗರದ ಕಡೆಗೆ. ಸಂಜೆ ಸೂರ್ಯ ಎದುರಿಗೆ ಇಳಿಯುತ್ತಾನೆ, ಫೋಟೊದಲ್ಲಿ ಮುಖ ಕಪ್ಪಾಗುತ್ತದೆ, ಜನವೂ ಕಿಕ್ಕಿರಿದಿರುತ್ತದೆ. ಅಲ್ಲಿ ಬೆಳಕಾಗುವುದೇ ಏಳರ ಹೊತ್ತಿಗೆ. ಆರೂವರೆಗೆ ಮೇಲೆ ಹೋದರೆ ದೀಪಗಳಿರುವ ನಗರವೂ ಸಿಗುತ್ತದೆ, ಬಳಿಕ ಬೆನ್ನ ಹಿಂದಿನ ಬಿಸಿಲು ಎದುರಿನ ಕಟ್ಟಡಗಳ ಮೇಲೆ ಬೀಳುವುದೂ ಸಿಗುತ್ತದೆ. ಗಾಳಿ ಜೋರಿರುತ್ತದೆ, ಮಗಳಿಗೆ ಒಂದು ಒಣ ಟವೆಲ್ ಹೆಚ್ಚಿಗೆ ಇರಲಿ. ಹತ್ತಿಯ ಚೂಡಿದಾರ, ಲುಂಗಿ, ಬನಿಯನ್‌ನಲ್ಲಿ ಇಳಿಯಲು ಬಿಡುವುದಿಲ್ಲ. ಮೈ ಪೂರ್ತಿ ಮುಚ್ಚುವ ಈಜುಡುಗೆ ಬೇಕೆನ್ನುವವರು ನೈಲಾನ್ ಅಥವಾ ಲೈಕ್ರಾದ್ದು ಇಲ್ಲಿಂದಲೇ ಒಯ್ಯಿರಿ.

ಮಗು ಅಂಚಿಗೆ ಹೋದರೆ ಗತಿ ಏನು ಅಂತ ಹಿರಿಯರು ಹೆದರಬಹುದು. ಫೋಟೊದಲ್ಲಿ ನೀರು ನೇರ ಆಕಾಶಕ್ಕೆ ಬೀಳುವಂತೆ ಕಾಣುತ್ತದೆ. ಅಸಲಿಗೆ ಅಂಚು ದಾಟಿದ ನೀರು ಕೆಳಗಿನ ಅಗಲವಾದ ಕಾಲುವೆಗೆ ಬಿದ್ದು, ಪಂಪಿನಿಂದ ಮತ್ತೆ ಮೇಲೆ ಬರುತ್ತದೆ. ಕೊಳದ ತೊಟ್ಟಿ ಸ್ಟೇನ್‌ಲೆಸ್ ಸ್ಟೀಲಿನದು. ಮೂರು ಗೋಪುರಗಳೂ ಗಾಳಿಗೆ ಬೇರೆ ಬೇರೆಯಾಗಿ ತೂಗುವುದರಿಂದ ತೊಟ್ಟಿಯ ಕೆಳಗೆ ಸರಿದಾಡುವ ಜೋಡಣೆಗಳನ್ನು ಇಟ್ಟಿದ್ದಾರೆ.

ಕೆಡುವುದು ಒಂದೇ ಕಾರಣಕ್ಕೆ, ಗುಡುಗು-ಸಿಡಿಲು. ಸಿಡಿಲಿನ ಎಚ್ಚರಿಕೆ ಬಂದರೆ ಎಲ್ಲರನ್ನೂ ನೀರಿನಿಂದ ಎಬ್ಬಿಸುತ್ತಾರೆ, ಅದಕ್ಕೆ ಹಣ ವಾಪಸ್ ಇಲ್ಲ. ಅಲ್ಲಿ ಮಧ್ಯಾಹ್ನದ ಮಳೆ ಸಾಮಾನ್ಯ. ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ಅಂತ ಎರಡು ಅವಕಾಶ ಇಟ್ಟುಕೊಂಡರೆ ಒಂದು ಹೋದರೂ ಇನ್ನೊಂದು ಉಳಿಯುತ್ತದೆ. ಕೊಳದ ಕಾರ್ಡ್ ಚೆಕ್ ಔಟ್ ದಿನ ಎಷ್ಟು ಗಂಟೆಯವರೆಗೆ ನಡೆಯುತ್ತದೆ ಅಂತ ಕೋಣೆಯ ಕೀಲಿ ಪಡೆಯುವಾಗಲೇ ಕೇಳಿಕೊಳ್ಳಿ.

ಆ ದಿನದ ಕ್ರಮ ಹೀಗಿರಲಿ. 11ಕ್ಕೆಲ್ಲ ಹೋಟೆಲಿಗೆ ಹೋಗಿ ಚೀಲ ಒಪ್ಪಿಸಿ, ಪಾಸ್‌ಪೋರ್ಟ್ ತೋರಿಸಿ ದಾಖಲೆ ಕೆಲಸ ಮುಗಿಸಿ. 3ಕ್ಕೆ ಬಂದರೆ ಸಾಲು ಉದ್ದ. ಬಿಸಿಲಿನ ಹೊತ್ತನ್ನು ಪಕ್ಕದ ಗಾರ್ಡನ್ಸ್ ಬೈ ದ ಬೇಯ ಎರಡು ಗಾಜಿನ ಗುಮ್ಮಟಗಳಲ್ಲಿ ಕಳೆಯಿರಿ. ಒಳಗೆ ತಂಪು, ಗಾಲಿಕುರ್ಚಿ ಓಡಾಡುತ್ತದೆ. ತಿರುಗಿ ಬಂದು ಕೋಣೆ, ಕೊಳ. 7.45ಕ್ಕೆ ಆ ತೋಟದ ಸೂಪರ್‌ಟ್ರೀಗಳ, ಅಂದರೆ ಮರದಾಕಾರದ ಎತ್ತರದ ಕಟ್ಟಡಗಳ, ದೀಪ-ಸಂಗೀತ, ಅದು ತಪ್ಪಿದರೆ 8.45ರದ್ದು. 9ಕ್ಕೆ ಮಾಲ್ ಮುಂದಿನ ನೀರಿನ ಮೇಲೆ ಸ್ಪೆಕ್ಟ್ರಾ ಅನ್ನುವ ಬೆಳಕು-ಕಾರಂಜಿ ಪ್ರದರ್ಶನ. ಎರಡೂ ಉಚಿತ. ತೋಟದ ಕಡೆಯ ಕೋಣೆ ಸಿಕ್ಕರೆ ಸೂಪರ್‌ಟ್ರೀಗಳು ಕಿಟಕಿಯಿಂದಲೇ ಕಾಣುತ್ತವೆ. ನಗರದ ನೋಟ ಕೊಳದಿಂದ ಹೇಗೂ ಸಿಗುವುದರಿಂದ ಅದಕ್ಕೆಂದು ಹೆಚ್ಚಿನ ಹಣ ಕೊಡಬೇಡಿ.

ದುರ್ಗದ_ನಾಮದಚಿಲುಮೆ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿ ಲಾಸ್ ವೇಗಸ್ ನೋಡುವವರು ಇದೇ ಲೆಕ್ಕ ಅಲ್ಲಿಗೆ ಹಚ್ಚಬೇಡಿ ಅಂತ ಒಂದು ಮಾತು ಸೇರಿಸುತ್ತೇನೆ. ಅಲ್ಲಿನ ಹೆಚ್ಚಿನ ದೊಡ್ಡ ಹೋಟೆಲುಗಳಲ್ಲಿ ಲಾಬಿಯಿಂದ ಲಿಫ್ಟ್‌ಗೆ ಹೋಗುವ ದಾರಿಯೇ ಕ್ಯಾಸಿನೊ ನಡುವೆ. 21ರ ಒಳಗಿನವರು ನಡೆದು ದಾಟಬಹುದು, ನಿಲ್ಲುವಂತಿಲ್ಲ. ಹೆಚ್ಚಿನ ಕಡೆ ಒಳಗೇ ಸಿಗರೇಟ್ ಸೇದುತ್ತಾರೆ, ಆಸ್ತಮಾ ಇರುವ ಹಿರಿಯರಿಗೆ ಕಷ್ಟ. ಪಾರ್ಕ್ ಎಂಜಿಎಂ ಮಾತ್ರ 2020ರಿಂದ ಪೂರ್ತಿ ಹೊಗೆರಹಿತ. ಕೋಣೆ ದರದ ಮೇಲೆ ದಿನದ ಲೆಕ್ಕದಲ್ಲಿ ರೆಸಾರ್ಟ್ ಫೀ ಬೇರೆ. ನಿಮ್ಮ ತಂದೆಯವರ ಇರುಸುಮುರುಸಿಗೆ ಸಿಂಗಪುರವೇ ಸರಿ.

ಅಮಾನಿಕೆರೆ_ದಂಡೆ

ಬಿಟ್ಟುಹೋದ ಕೆಲವು. ಚೆಕ್ ಇನ್ ಹೊತ್ತಲ್ಲಿ ಠೇವಣಿಯಾಗಿ ಕಾರ್ಡಿನಲ್ಲಿ ಹಣ ತಡೆಹಿಡಿಯುತ್ತಾರೆ. ಕ್ರೆಡಿಟ್ ಕಾರ್ಡ್ ಕೊಟ್ಟರೆ ಮಿತಿ ಮಾತ್ರ ತಗ್ಗುತ್ತದೆ. ಡೆಬಿಟ್ ಅಥವಾ ಫಾರೆಕ್ಸ್ ಕಾರ್ಡ್ ಕೊಟ್ಟರೆ ನಿಮ್ಮ ದುಡ್ಡೇ ಸಿಕ್ಕಿಬೀಳುತ್ತದೆ, ಬಿಡುಗಡೆಗೆ ವಾರಗಟ್ಟಲೆ ಹಿಡಿಯುತ್ತದೆ, ಪ್ರವಾಸದ ಉಳಿದ ದಿನಕ್ಕೆ ಕೈ ಬರಿದು. ಬಿಡುವಾಗ ಬಿಲ್ಲನ್ನು ಸಾಲು ಸಾಲಾಗಿ ಓದಿ, ಮಿನಿಬಾರ್ ಸಾಲು ತಪ್ಪಿದ್ದರೆ ಅಲ್ಲೇ ತೆಗೆಸಿ.

ಸಿಂಗಪುರದ ವೀಸಾ ಅಧಿಕೃತ ಏಜೆಂಟರ ಮೂಲಕ, ಸರ್ಕಾರಿ ಶುಲ್ಕ 30 ಸಿಂಗಪುರ ಡಾಲರ್. ಎಸ್‌ಜಿ ಅರೈವಲ್ ಕಾರ್ಡ್ ಅನ್ನುವ ಆನ್‌ಲೈನ್ ಆಗಮನ ಫಾರ್ಮನ್ನು ಇಳಿಯುವ ದಿನವೂ ಸೇರಿ ಮೂರು ದಿನದೊಳಗೆ ತುಂಬಬೇಕು, ಅದು ಉಚಿತ. ಹಣ ಕೇಳುವ ತಾಣ ತೆರೆದುಕೊಂಡರೆ ಮುಚ್ಚಿಬಿಡಿ, ಅದು ಸರ್ಕಾರದ್ದಲ್ಲ.

ತುಮಕೂರಿನಿಂದ ವಿಮಾನ ನಿಲ್ದಾಣಕ್ಕೆ ನೆಲಮಂಗಲ, ಯಶವಂತಪುರದ ಕಡೆ ಹೋಗದೆ ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೋಗಿ. ಎರಡು ಗಂಟೆ ಇಟ್ಟುಕೊಳ್ಳಿ. ವಿದೇಶಿ ವಿಮಾನಗಳು ಟರ್ಮಿನಲ್ 2ರಲ್ಲಿ. ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ಮಾಮೂಲಿ ಟ್ಯಾಕ್ಸಿಗೆ ನಾಲ್ಕೇ ಜನ, ಐವರಿಗೆ ಆರು ಸೀಟಿನದು ಕೇಳಬೇಕು. ಮಗಳ ಎತ್ತರ 1.35 ಮೀಟರ್‌ಗಿಂತ ಕಡಿಮೆ ಇದ್ದರೆ ಗ್ರ್ಯಾಬ್‌ನಂಥ ಖಾಸಗಿ ಕಾರಿನಲ್ಲಿ ಬೂಸ್ಟರ್ ಸೀಟು ಕಡ್ಡಾಯ, ಮೀಟರ್ ಟ್ಯಾಕ್ಸಿಗೆ ಆ ನಿಯಮ ಇಲ್ಲ. ಹೋಟೆಲ್ ಬದಲಾಯಿಸುವ ದಿನ ಚೀಲ ಕಡಿಮೆ ಇದ್ದರೆ ಮೆಟ್ರೊನೇ ಸಾಕು, ಎಲ್ಲ ನಿಲ್ದಾಣಗಳಲ್ಲೂ ಲಿಫ್ಟ್ ಇದೆ.